ತಾಲ್ಲೂಕು ಕಚೇರಿ ರಿಪೇರಿ: ಮೊದಲು ತಾರಸಿ ಹತ್ತಿ

ಹಳೆಯ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ) ಕಚೇರಿಗೆ ರಿಪೇರಿ ವೆಚ್ಚದ ಅಂದಾಜು ಪಟ್ಟಿ ಬರೆಯುವಾಗ ಎಂಜಿನಿಯರುಗಳಾದ ನಾವು ಮೊದಲು ಹೋಗುವುದು ತಾರಸಿಗೆ. ಬೇಡಿಕೆ ಪತ್ರದ ಮೊದಲ ಸಾಲಿನಲ್ಲಿ ಫಾಲ್ಸ್ ಸೀಲಿಂಗ್ ಇರುತ್ತದೆ, ಇರಲಿ. ಸೋರುವ ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಕೆಳಗೆ ಅದನ್ನು ಹಾಕಿದರೆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಜಿಪ್ಸಂ ಹಲಗೆ ಹೊಟ್ಟೆ ಬಿಟ್ಟಾಗ ಮತ್ತೆ ನಮಗೇ ಫೋನ್.

ದುಡ್ಡು ಯಾವ ಲೆಕ್ಕಶೀರ್ಷಿಕೆಯದು, ಅಂದರೆ ಬಜೆಟ್ಟಿನ ಯಾವ ಸಂಖ್ಯೆಯ ಬಾಬ್ತಿನದು ಎಂದು ಮೊದಲೇ ಇತ್ಯರ್ಥವಾಗಬೇಕು. ಸೋರಿಕೆ, ಗಾರೆ, ಬಣ್ಣ 2059ರ ನಿರ್ವಹಣೆಗೆ ಸೇರುತ್ತವೆ; ಹೊಸ ಕೊಠಡಿ, ಲಿಫ್ಟು 4059ರ ಬಂಡವಾಳ ವೆಚ್ಚ. ಎರಡನ್ನೂ ಕಲಸಿದರೆ ಆಡಿಟ್ ಆಕ್ಷೇಪಣೆ ಬರುತ್ತದೆ. ಮಾರ್ಚ್ 31ಕ್ಕೆ ಅನುದಾನ ಲ್ಯಾಪ್ಸ್, ಜೂನಿಗೆ ಮಳೆ. ತಾರಸಿ ಕೆಲಸ ಜನವರಿಯೊಳಗೆ ಶುರುವಾಗದಿದ್ದರೆ ಕೊನೆಗೆ ಬಣ್ಣ ಬಳಿದು ಬಿಲ್ಲು ಬರೆಯುವುದೇ ಉಳಿಯುತ್ತದೆ.

ಹಳೆಯ ತಾರಸಿಯ ಮೇಲೆ ಎರಡು ಮೂರು ಪದರ ಇಟ್ಟಿಗೆ ಚೂರಿನ ಕಾಂಕ್ರೀಟು ಸಿಗುತ್ತದೆ. ಪ್ರತಿ ಸಲ ಸೋರಿದಾಗಲೂ ಯಾರೋ ಒಂದು ಪದರ ಏರಿಸಿರುತ್ತಾರೆ. 100 ಮಿ.ಮೀ. ಪದರ ಎಂದರೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ. ಆದ್ದರಿಂದ ‘ಹಳೆಯದನ್ನು ಕಿತ್ತು ಸಾಗಿಸುವುದು’ ಅಂದಾಜಿನಲ್ಲಿ ಪ್ರತ್ಯೇಕ ಐಟಂ ಆಗಿರಲೇಬೇಕು. ಅದಿಲ್ಲದಿದ್ದರೆ ಗುತ್ತಿಗೆದಾರ ನಾಲ್ಕನೆಯದನ್ನು ಏರಿಸುತ್ತಾನೆ. ಹೊಸ ಪದರಕ್ಕೆ 100ಕ್ಕೆ 1ರ ವಾಟ ಕೊಡುತ್ತೇವೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಇಳಿಜಾರು. ಮಳೆನೀರು ಇಳಿಸುವ 100 ಮಿ.ಮೀ. ಪೈಪು ಒಂದಕ್ಕೆ ಸುಮಾರು 40 ಚದರ ಮೀಟರ್ ತಾರಸಿ ಸಾಕು. ಇನ್ನೂರು ಚದರ ಮೀಟರಿಗೆ ಎರಡೇ ಪೈಪು ಇದ್ದರೆ ಯಾವ ವಾಟರ್‌ಪ್ರೂಫಿಂಗೂ ಉಳಿಸುವುದಿಲ್ಲ. ಪ್ಯಾರಾಪೆಟ್ ಬುಡದ ಮೂಲೆಯನ್ನು ದುಂಡಗೆ ಗಾರೆ ಮಾಡುತ್ತೇವೆ, ಏಕೆಂದರೆ ಚೂಪು ಮೂಲೆಯಲ್ಲಿ ಲೇಪ ಬಿರಿಯುತ್ತದೆ. ಆಮೇಲೆ ಪೈಪಿನ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ತೇವ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು.

ಮೋಲ್ಡಿನ ಅಡಿಯನ್ನು ಅಂದಾಜಿಗೆ ಮೊದಲೇ ಸುತ್ತಿಗೆಯಿಂದ ಪೂರ್ತಿ ಬಡಿದು ನೋಡಬೇಕು. ಟೊಳ್ಳು ಸದ್ದು ಬಂದಷ್ಟಕ್ಕೂ ಗೆರೆ ಎಳೆದು ಆ ಗೆರೆಯನ್ನೇ ಅಳೆಯಿರಿ. ಚಕ್ಕೆ ಬಿದ್ದಷ್ಟನ್ನೇ ಬರೆದರೆ ಪರಿಮಾಣ ಕಡಿಮೆಯಾಗಿ ಹೆಚ್ಚುವರಿ ಅನುಮೋದನೆಗೆ ಅಲೆಯಬೇಕಾಗುತ್ತದೆ. ಒಡೆದ ಹೊಸ ಮೈಗೆ ಕ್ಷಾರ ಪತ್ತೆಹಚ್ಚುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತೇವೆ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರ ಉಳಿದಿದೆ; ಬಣ್ಣ ಬಾರದ ಭಾಗ ಸರಳನ್ನು ಮುಟ್ಟಿದ್ದರೆ ತುಕ್ಕಿಗೆ ಅಲ್ಲಿ ತಡೆಯಿಲ್ಲ. ಕೆಳಗೆ ಆಸರೆ ಕೊಟ್ಟು, ಸರಳಿನ ಹಿಂದೆ 20 ಮಿ.ಮೀ.ವರೆಗೆ ಒಡೆದು, ಸುತ್ತಲೂ ವೈರ್ ಬ್ರಷ್‌ನಿಂದ ಉಜ್ಜಿ, ಜಿಂಕ್ ಪ್ರೈಮರ್, ಬಾಂಡ್ ಕೋಟ್ (ಹಳೆಯ ಕಾಂಕ್ರೀಟಿಗೆ ಹೊಸ ಗಾರೆ ಹಿಡಿಸುವ ಅಂಟುಲೇಪ), ಆಮೇಲೆ ಪಾಲಿಮರ್ ಗಾರೆಯನ್ನು ಪದರ ಪದರವಾಗಿ ತುಂಬುತ್ತೇವೆ. ಮೇಸ್ತ್ರಿಗಳು ಸರಳಿನ ಮುಂದಿನ ಮೈ ಮಾತ್ರ ಉಜ್ಜಿ ಮೆತ್ತಿಬಿಡುತ್ತಾರೆ. ಹಿಂಬದಿ ತುಕ್ಕು ಊದಿಕೊಂಡು ತೇಪೆಯನ್ನೇ ತಳ್ಳಿ ಬೀಳಿಸುತ್ತದೆ. ಬಾಂಡ್ ಕೋಟ್ ಒಣಗಿದ ಮೇಲೆ ಗಾರೆ ಹಾಕಿದರೂ ಅದೇ ಗತಿ. ಮುಚ್ಚುವ ಮುನ್ನವೇ ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) ಅಳತೆ, ಜೊತೆಗೆ ಫೋಟೊ.

ರೆಕಾರ್ಡ್ ರೂಮಿಗೆ ಕಂಪ್ಯಾಕ್ಟರ್, ಅಂದರೆ ಹಳಿಯ ಮೇಲೆ ಓಡುವ ಒತ್ತು ಕಪಾಟು, ಬೇಕೆನ್ನುತ್ತಾರೆ. ಕಚೇರಿ ಕೊಠಡಿಯ ಮೋಲ್ಡು ಚದರ ಮೀಟರಿಗೆ ಸುಮಾರು 250ರಿಂದ 400 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿದ್ದು. ಈ ಕಪಾಟಿಗೆ ಕನಿಷ್ಠ ಸುಮಾರು 1,000 ಕೆ.ಜಿ. ಹಿಡಿಯಬೇಕು. ನಾವು ಅದನ್ನು ನೆಲಮಹಡಿಗೇ ಇಳಿಸುತ್ತೇವೆ. ತಹಶೀಲ್ದಾರರು ಒಪ್ಪದಿದ್ದರೂ ಈ ಸಲಹೆಯನ್ನು ಬರವಣಿಗೆಯಲ್ಲೇ ಕೊಡಿ.

ವೈರಿಂಗ್ ಬಗ್ಗೆ ಹೆಚ್ಚಿಲ್ಲ: ಎಸಿಗೆ 4 ಚ.ಮಿ.ಮೀ. ತಾಮ್ರದ ಪ್ರತ್ಯೇಕ ಲೈನು, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಯುಪಿಎಸ್‌ಗೆ ಬೇರೆ ಅರ್ಥಿಂಗ್.

ಇನ್ನು ರ‍್ಯಾಂಪು. 12ಕ್ಕೆ 1ರ ಇಳಿಜಾರಿಗೆ 45 ಸೆಂ.ಮೀ. ಪ್ಲಿಂತ್ (ಅಂಗಳದಿಂದ ಕಟ್ಟಡದ ನೆಲಕ್ಕಿರುವ ಎತ್ತರ) ಇದ್ದರೆ 5.4 ಮೀಟರ್ ಉದ್ದ ಬೇಕು. ಜಾಗವಿಲ್ಲವೆಂದು 3 ಮೀಟರಿಗೆ ಮುಗಿಸಿದರೆ ಗಾಲಿಕುರ್ಚಿಯನ್ನು ಇಬ್ಬರು ತಳ್ಳಬೇಕಾಗುತ್ತದೆ. ಅಂಥಲ್ಲಿ ನಡುವೆ ಒಂದು ಸಮತಟ್ಟಾದ ಕಟ್ಟೆ ಕೊಟ್ಟು ರ‍್ಯಾಂಪನ್ನು ಹಿಂದಕ್ಕೆ ತಿರುಗಿಸುತ್ತೇವೆ.