ಪಹಣಿಯಿಂದ ಶುರುವಾದ ಕಂಪ್ಯೂಟರ್ ಪಾಠ

ಕೇಂದ್ರ ಸರ್ಕಾರ 2017ರಲ್ಲಿ ಹಳ್ಳಿಗಳಿಗಾಗಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ತಂದಾಗ ವಯಸ್ಸಿನ ಮಿತಿ 14ರಿಂದ 60 ಅಂತ ಇಟ್ಟಿತ್ತು. ನಮ್ಮೂರಲ್ಲಿ ಕೂತು ಕಲಿಯೋಕೆ ಪುರುಸೊತ್ತು ಇರೋರೆಲ್ಲ ಅರವತ್ತು ದಾಟಿದವರೇ! ಹಾಗಾಗಿ ಪಂಚಾಯತಿ ಗ್ರಂಥಾಲಯದ ಕಂಪ್ಯೂಟರ್‌ಗಳ ಮುಂದೆ, ಊಟ ಮುಗಿದ ಹೊತ್ತಿನಲ್ಲಿ, ನಾನೇ ಹೇಳಿಕೊಡಲು ಶುರು ಮಾಡಿದೆ. ಬಂದವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

ಸಿಪಿಯು ಎಂದರೇನು, ಮಾನಿಟರ್ ಎಂದರೇನು ಅನ್ನೋ ಪಾಠವನ್ನು ನಾನು ಮಾಡಲೇ ಇಲ್ಲ. ಪಹಣಿ ನೋಡೋದೇ ಮೊದಲ ಪಾಠ. ಸ್ವಂತ ಮೊಬೈಲ್ ನಂಬರ್ ನೆನಪಿರದವರಿಗೂ ಸರ್ವೆ ನಂಬರ್ ಬಾಯಲ್ಲೇ ಇರುತ್ತೆ, ಅಲ್ವಾ? ಸರ್ಕಾರದ ಜಮೀನು ದಾಖಲೆಗಳಿರೋ ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಬೇಕು. ಸರ್ವೆ ನಂಬರ್ ಒತ್ತಬೇಕು, ಆಮೇಲೆ ಹಿಸ್ಸಾ. ಪಟ್ಟಿ ಬಿಚ್ಚೋದು, ಆರಿಸೋದು, ಅಂಕಿ ಒತ್ತೋದು, ಪುಟ ಕೆಳಗೆ ಸರಿಸೋದು ಎಲ್ಲ ಇದರಲ್ಲೇ ಬಂದುಹೋಯಿತು.

ಒಬ್ಬ ಯಜಮಾನರು 9ನೇ ಕಾಲಂನಲ್ಲಿ ತಮ್ಮ ಹೆಸರು ಕಂಡು ಖುಷಿಪಟ್ಟರು. 11ನೇ ಕಾಲಂಗೆ ಬಂದಾಗ ಮುಖ ಗಂಟು ಹಾಕಿಕೊಂಡರು. “ಅಲ್ಲ ಮಾರಾಯ, ಈ ಸಾಲ ತೀರಿಸಿ ಎಷ್ಟು ಕಾಲವಾಯ್ತು! ಇನ್ನೂ ಇಲ್ಲೇ ಕೂತಿದೆಯಲ್ಲ!” ಸಾಲ ಕೊಟ್ಟವರಿಂದ ತೀರುವಳಿ ಪತ್ರ ತಂದು ತಾಲ್ಲೂಕು ಕಚೇರಿಗೆ ಕೊಡಬೇಕು ಅಂತ ಹೇಳಿದೆ. ಮಾರನೇ ದಿನ ಊರಿನ ಅರ್ಧ ಜನ ತಮ್ಮ 11ನೇ ಕಾಲಂ ನೋಡೋಕೆ ಬಂದರು. ನಾನು ಯಾವ ಪ್ರಚಾರವನ್ನೂ ಮಾಡಬೇಕಾಗಲಿಲ್ಲ.

ಮೌಸ್ ಮಾತ್ರ ಕಾಡಿತು. ಕೈ ನಡುಗುವವರಿಗೆ ಡಬಲ್ ಕ್ಲಿಕ್ ಅಂದರೆ ಹಿಂಸೆ. ಎರಡನೇ ಸಲ ಒತ್ತುವಷ್ಟರಲ್ಲಿ ಐಕಾನ್ ಎಲ್ಲೋ ಜಾರಿರುತ್ತೆ. ಹಾಗಾಗಿ ಡಬಲ್ ಕ್ಲಿಕ್ಕನ್ನೇ ಕೈಬಿಟ್ಟೆ. ಒಂದು ಸಲ ಒತ್ತಿ, ಎಂಟರ್ ಹೊಡೆಯಿರಿ, ಸಾಕು. ಎಳೆದು ಬಿಡೋದನ್ನು ಕಲಿಸಲು ಸಾಲಿಟೇರ್ ಹಾಕಿಕೊಟ್ಟೆ, 1990ರ ವಿಂಡೋಸ್ ಜೊತೆ ಬಂದ ಹಳೇ ಆಟ. ಇಸ್ಪೀಟು ಗೊತ್ತಿದ್ದವರಿಗೆ ಬೇರೇನೂ ಹೇಳಬೇಕಾಗಲಿಲ್ಲ. ಗ್ರಂಥಾಲಯದಲ್ಲಿ ಇಸ್ಪೀಟು ಆಡಿಸ್ತಾನೆ ಅಂತ ಬೈಸಿಕೊಂಡಿದ್ದು ಬೇರೆ ವಿಷಯ.

ಟೈಪಿಂಗ್‌ಗೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿದ್ದೆ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದೆ. ಕೆ.ಪಿ. ರಾವ್ ರೂಪಿಸಿದ ಈ ಕೀಲಿಮಣೆ ವಿನ್ಯಾಸದಲ್ಲಿ ಟ ಇರೋದು ಇಂಗ್ಲಿಷಿನ ಕ್ಯೂ ಕೀಲಿಯಲ್ಲಿ, ಡ ಇರೋದು ಡಬ್ಲ್ಯೂನಲ್ಲಿ. ಇಂಗ್ಲಿಷ್ ಟೈಪಿಂಗ್ ಬಲ್ಲ ನಿವೃತ್ತ ಗುಮಾಸ್ತರೊಬ್ಬರ ಬೆರಳು ಮತ್ತೆ ಮತ್ತೆ ಟಿ ಕೀಲಿಗೇ ಹೋಗಿ ‘ರೊಟ್ಟಿ’ ಬರೆದರೆ ‘ರೊತ್ತಿ’ ಆಗುತ್ತಿತ್ತು. ಪಕ್ಕದ ಅಜ್ಜಿ ಚೀಟಿ ನೋಡಿಕೊಂಡು ರ, ಒ, ಟ, ನಡುವೆ ಒತ್ತಕ್ಷರಕ್ಕೆ ಕೆಂಪು ಚುಕ್ಕಿ ಅಂಟಿಸಿದ್ದ ಎಫ್ ಕೀಲಿ, ಮತ್ತೆ ಟ, ಇ ಅಂತ ಒಂದೊಂದಾಗಿ ಒತ್ತಿ ಮುಗಿಸಿದರು. ಇಂಗ್ಲಿಷ್ ಬಾರದವರಿಗೆ ಮರೆಯಬೇಕಾದ್ದು ಏನೂ ಇರಲಿಲ್ಲ. ಅವರೇ ಬೇಗ ಕಲಿತರು.

ಮೊಮ್ಮಕ್ಕಳನ್ನು ಒಳಗೆ ಬಿಡಲಿಲ್ಲ. “ಕೊಡಜ್ಜಿ ಇಲ್ಲಿ” ಅಂತ ಮೌಸ್ ಕಿತ್ತುಕೊಂಡರೆ ಅಲ್ಲಿಗೆ ಪಾಠ ಮುಗೀತು.

ಹೆಂಗಸರಿಗೆ ಪಹಣಿಗಿಂತ ಗೃಹಲಕ್ಷ್ಮಿ ಹಣದ ಚಿಂತೆ ಜಾಸ್ತಿ. ಜಮೀನು ಹೆಚ್ಚಾಗಿ ಗಂಡನ ಹೆಸರಲ್ಲೇ ಇತ್ತಲ್ಲ. ಅವರಿಗೆ ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಟ್ಟೆ. ಆಧಾರ್ ನಂಬರ್, ಒಟಿಪಿ ಹಾಕಿ ಒಳಗೆ ಹೋದರೆ ಯಾವ ತಿಂಗಳ 2,000 ರೂಪಾಯಿ ಯಾವ ಬ್ಯಾಂಕಿಗೆ ಬಂತು ಅಂತ ಕಾಣುತ್ತೆ. ಒಟಿಪಿ ಮಾತು ಬಂದಾಗಲೇ ಮೋಸದ ಪಾಠವನ್ನೂ ಮಾಡಿದೆ. ನೀವಾಗಿ ತೆರೆದ ಆ್ಯಪ್ ಕೇಳಿದರೆ ಹಾಕಿ, ಫೋನ್ ಮಾಡಿದವರು ಕೇಳಿದರೆ ಕಟ್ ಮಾಡಿ. ಫೋನಿನಲ್ಲಿ ಹಣ ಬರೋದಕ್ಕೆ ಯುಪಿಐ ಪಿನ್ ಬೇಕಿಲ್ಲ, ಹೋಗೋದಕ್ಕೆ ಮಾತ್ರ ಬೇಕು. ಮೋಸದಿಂದ ಹಣ ಹೋಗಿಯೇ ಬಿಟ್ಟರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

“ಪಿನ್ ಮಗನಿಗೂ ಹೇಳಬಾರದಾ?” ಅಂತ ಒಬ್ಬ ಅಜ್ಜಿ ಕೇಳಿದರು. ಯಾರಿಗೂ ಹೇಳಬಾರದು ಅಂದೆ. “ಹಾಗಾದ್ರೆ ಬದಲಾಯಿಸೋದು ಹೆಂಗೆ ಅಂತ ಇವತ್ತೇ ಹೇಳಿಕೊಡು. ಅವನಿಗೆ ಗೊತ್ತಿದೆ.”