ಕೇಬಲ್ ಬದಲಿಸುವ ಬದಲು ಡಿರೈಲರ್ ಕೊಂಡೆ

ಸುರತ್ಕಲ್‌ನಿಂದ ಕಾಪು ಲೈಟ್‌ಹೌಸ್‌ವರೆಗೆ ಹೋಗಿ ಬರುವುದು ನನ್ನ ಭಾನುವಾರದ ರೈಡ್. ನನ್ನದು ಶಿಮಾನೊ ಕಂಪನಿಯ ಸೋರಾ ಗೇರ್‌ನ 9 ಸ್ಪೀಡ್ (ಹಿಂದೆ 9 ಗೇರ್) ರೋಡ್ ಬೈಕ್, ಅಂದರೆ ಸೈಕಲ್. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಗೇರ್ ಕಾಟ ಕೊಡಲು ಶುರುಮಾಡಿತು. ಹ್ಯಾಂಡಲಿನ ಗೇರ್ ಲಿವರ್ ಒತ್ತಿದರೆ ಚೈನ್ ಸಣ್ಣ ಹಲ್ಲುಚಕ್ರಕ್ಕೆ ಇಳಿಯುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾನಾಗಿ ಟಕ್ ಅಂತ ಇಳಿಯುತ್ತಿತ್ತು.

ಸೋರಾ ಕಡಿಮೆ ಬೆಲೆಯದ್ದು, ಅದಕ್ಕೇ ಹೀಗೆ ಅಂದುಕೊಂಡೆ. ಅದೇ ಕಂಪನಿಯಲ್ಲಿ ಅದರ ಮೇಲೆ ಟಿಯಾಗ್ರಾ, ಆಮೇಲೆ 105 ಎಂಬ ದರ್ಜೆ ಬರುತ್ತದೆ. ಒಂದು ಅಂಗಡಿಯಲ್ಲಿ 105ರ ಹಿಂದಿನ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಾಕಿ, ಸರಿಹೋಗುತ್ತದೆ ಎಂದರು. ಹತ್ತಿರ ಹತ್ತಿರ 5,000 ರೂಪಾಯಿ ಕೊಟ್ಟೆ. ಹಾಕಿದ ಮೇಲೆ ಒಂದು ಗೇರೂ ಸರಿಯಾಗಿ ಕೂರಲಿಲ್ಲ. ಅದು 11 ಸ್ಪೀಡಿನದು, ನನ್ನ ಲಿವರ್ 9 ಸ್ಪೀಡಿನದು. ಲಿವರ್ ಅಷ್ಟೇ ಕೇಬಲ್ ಎಳೆದರೂ ಹೊಸ ಡಿರೈಲರ್ ಹಳೆಯದರಷ್ಟು ಸರಿಯುವುದಿಲ್ಲ. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಹೊಂದುವುದಿಲ್ಲ. ತುಂಬಾ ಬೇಜಾರಾಯಿತು.

ಕೊನೆಗೆ ಉಡುಪಿಯ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಡಿರೈಲರ್ ಮುಟ್ಟಲೇ ಇಲ್ಲ. "ಕೇಬಲ್ ಯಾವಾಗ ಚೇಂಜ್ ಮಾಡಿದ್ದು ಮಾರಾಯ್ರೆ?" ಎಂದು ಕೇಳಿದರು. ಬೈಕ್ ತಂದ ಮೇಲೆ ಒಮ್ಮೆಯೂ ಇಲ್ಲ. ಹ್ಯಾಂಡಲ್ ಟೇಪ್ ಬಿಚ್ಚಿ ಕೇಬಲ್ ಎಳೆದರು. ಹ್ಯಾಂಡಲ್ ಬಾಗುವ ಜಾಗದಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಕಂದು ತುಕ್ಕು, ಎಳೆಗಳು ಬಿಚ್ಚಿಕೊಂಡಿದ್ದವು. ಹೊರಗಿನ ಕೊಳವೆ ಕೊಡವಿದಾಗ ಒಂದು ಹನಿ ಕೆಂಪು ನೀರು ಅಂಗೈ ಮೇಲೆ ಬಿತ್ತು. ಪೆಡಲ್ ಕೆಳಗಿನ ಪ್ಲಾಸ್ಟಿಕ್ ಗೈಡ್ ತುಂಬಾ ಮರಳು, ಗ್ರೀಸ್. ಸ್ಟೇನ್‌ಲೆಸ್ ಕೇಬಲ್, ಹೊಸ ಕೊಳವೆ ಹಾಕಿ, ಹಳೇ ಸೋರಾ ಡಿರೈಲರನ್ನೇ ವಾಪಸ್ ಕೂರಿಸಿದರು. 1,000 ರೂಪಾಯಿ ಒಳಗೆ ಮುಗಿಯಿತು. ಗೇರ್ ಹೊಸದರಂತೆ ಬೀಳತೊಡಗಿತು.

ಹಾಗಂತ ದುಬಾರಿ ಸಾಮಾನೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ಹೊಸ ಬೈಕ್ ಕೊಳ್ಳುವಾಗ ಕೈಯಲ್ಲಿ ದುಡ್ಡಿದ್ದರೆ 105 ಇರುವುದನ್ನೇ ನೋಡಿ. ಲಿವರ್ ಹಗುರ, ಗೇರ್‌ಗಳ ನಡುವೆ ಅಂತರ ಕಡಿಮೆ. ಹೆದ್ದಾರಿ 66ರಲ್ಲಿ ಎದುರುಗಾಳಿ ಹೊಡೆಯುವಾಗ ಅದು ಗೊತ್ತಾಗುತ್ತದೆ. ಆದರೆ ಇದ್ದ ಬೈಕಿಗೆ ಒಂದೊಂದೇ ಬಿಡಿಭಾಗ ಮೇಲ್ದರ್ಜೆಯದ್ದು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಭಾರದಲ್ಲಿ ಕೆಲವು ಗ್ರಾಂ ಉಳಿಸಿ ಏನು ಮಾಡುವುದು? ನಾವು ಹೊತ್ತುಕೊಂಡು ಹೋಗುವ ಒಂದು ಬಾಟಲಿ ನೀರೇ 750 ಗ್ರಾಂ ಅಲ್ವಾ.

ಟಯರಿಗೆ ಮಾತ್ರ ನಾನು ಕೈ ಬಿಗಿ ಹಿಡಿಯುವುದಿಲ್ಲ. ಬೈಕ್ ಜೊತೆ ಬಂದ 25 ಎಂಎಂ ಅಗಲದ ಟಯರ್ ತೆಗೆದು 28ರ ಒಳ್ಳೆ ಟಯರ್ ಹಾಕಿದೆ. ಜೋಡಿಗೆ ಡಿರೈಲರಿಗಿಂತ ಜಾಸ್ತಿಯೇ ಆಯಿತು. ಗಾಳಿ ಸ್ವಲ್ಪ ಕಡಿಮೆ ಇಟ್ಟರೂ ಸಲೀಸಾಗಿ ಓಡುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಮೊದಲಿನ ಹೆದರಿಕೆ ಇಲ್ಲ. ಬ್ರೇಕ್ ಪ್ಯಾಡೂ ಹಾಗೆಯೇ, ಒಳ್ಳೆಯದೇ ಹಾಕಿ.

ಇನ್ನು ಆಗುಂಬೆ. ಸೋಮೇಶ್ವರದಿಂದ ಮೇಲೆ 14 ಹೇರ್‌ಪಿನ್ ತಿರುವು. ಅಲ್ಲಿ ನನ್ನನ್ನು ಹತ್ತಿಸಿದ್ದು ಹಿಂದೆ 32 ಹಲ್ಲಿನವರೆಗೆ ಇರುವ ಸಾದಾ ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು. ಅದೂ 9 ಸ್ಪೀಡಿನದೇ.

ಈಗ ಮಳೆಯಲ್ಲಿ ಓಡಿಸಿ ಬಂದ ದಿನ ಸಿಹಿನೀರಿನಲ್ಲಿ ತೊಳೆದು, ಚೈನ್ ಒರೆಸಿ, ಎಣ್ಣೆ ಬಿಡುತ್ತೇನೆ. ಮಳೆಗಾಲ ಕಳೆದು ಅಕ್ಟೋಬರ್ ಬಂದರೆ ಕೇಬಲ್ ಬದಲಿಸುತ್ತೇನೆ, ಗೇರ್ ಚೆನ್ನಾಗಿ ಬೀಳುತ್ತಿದ್ದರೂ ಸರಿ.