ಸಾಲದ ಕಾರು, ಬ್ರೋಕರ್ ಇಲ್ಲದೆ ಮಾರಿದ್ದು: ನನ್ನ ಅನುಭವ

ಸಾಲ ಇರುವ ಕಾರನ್ನು ಮೊದಲು ಸಾಲ ತೀರಿಸಿ, ಆರ್‌ಸಿಯಿಂದ ಎಚ್‌ಪಿ (ಗಾಡಿ ಫೈನಾನ್ಸ್‌ನವರಿಗೆ ಅಡಮಾನ ಆಗಿದೆ ಅನ್ನುವ ನಮೂದು) ತೆಗೆಸಿ, ಆಮೇಲೆ ಮಾರಬೇಕು ಅಂತ ನಾನು ಹೇಳುತ್ತಲೇ ಇದ್ದೆ. ದಾವಣಗೆರೆಯ ಗಾಡಿ ವ್ಯಾಪಾರದ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ತೀರಿಸೋಕೆ ದುಡ್ಡಿದ್ರೆ ಮಾರೋದ್ಯಾಕೆ?" ಅನ್ನುತ್ತಿದ್ದರು. ಈ ಸಲ ಮಾಡಿಯೇ ತೋರಿಸಿದ್ದೇನೆ.

ಗಾಡಿ 2016ರ ಸ್ವಿಫ್ಟ್ ಡೀಸೆಲ್, ಕೆಎ-17. ಸಾಲ ಇನ್ನೂ ಒಂದೂವರೆ ಲಕ್ಷದ ಮೇಲಿತ್ತು. ಮೊದಲು ಹಾಗೇ ಮಾರಲು ನೋಡಿದೆ. ಹರಿಹರದವರೊಬ್ಬರು ಟೋಕನ್ ಕೊಡುವವರೆಗೂ ಬಂದರು. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ನೋಡಿ, "ಎನ್‌ಒಸಿ (ಸಾಲ ತೀರಿದೆ, ಆಕ್ಷೇಪ ಇಲ್ಲ ಅನ್ನುವ ಫೈನಾನ್ಸ್‌ನವರ ಪತ್ರ) ಬಂದ್ಮೇಲೆ ಫೋನ್ ಮಾಡಿ ಸಾರ್" ಅಂದು ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಹೊಳಲ್ಕೆರೆಯವರದೂ ಅದೇ ಕಥೆ. ಅವರನ್ನು ದೂರುವ ಹಾಗಿಲ್ಲ. ದುಡ್ಡು ಮೊದಲು, ಪೇಪರ್ ಆಮೇಲೆ ಅಂದರೆ ಯಾರು ನಂಬುತ್ತಾರೆ? ಬ್ರೋಕರ್ ಇದನ್ನೇ ಹಿಡಿದು ನಾಲ್ಕು ಲಕ್ಷಕ್ಕೆ ಇಳಿಸಿದ.

ಆಗ ಮನೆಯ ಬಂಗಾರ ಅಡ ಇಟ್ಟು ಕಾರಿನ ಸಾಲ ತೀರಿಸಿದೆ. ಬಡ್ಡಿ ವರ್ಷಕ್ಕೆ ನೂರಕ್ಕೆ ಒಂಬತ್ತರ ಆಸುಪಾಸು. ಗಾಡಿ ಸಾಲಕ್ಕಿಂತ ಇದು ಅಗ್ಗ. ಸೆಕೆಂಡ್ ಹ್ಯಾಂಡ್ ಗಾಡಿಯ ಸಾಲಕ್ಕೆ "ಹತ್ತು ಪರ್ಸೆಂಟ್ ಫ್ಲಾಟ್" ಅನ್ನುತ್ತಾರಲ್ಲ, ಲೆಕ್ಕ ಹಾಕಿ ನೋಡಿ. ಮೂರು ಲಕ್ಷ, ಮೂರು ವರ್ಷ, ಕಂತು 10,833. ಅಸಲು ಕರಗುತ್ತಾ ಬಂದರೂ ಬಡ್ಡಿ ಪೂರ್ತಿ ಮೂರು ಲಕ್ಷಕ್ಕೇ ಬೀಳುತ್ತದೆ. ನಿಜವಾದ ದರ ಹದಿನೆಂಟರ ಹತ್ತಿರ!

ಅವಧಿಗೆ ಮೊದಲೇ ಸಾಲ ಮುಚ್ಚಿದ್ದಕ್ಕೆ ಫೈನಾನ್ಸ್‌ನವರು ಐದಾರು ಸಾವಿರ ಜಾಸ್ತಿ ಕೇಳಿದರು, ಕೊಟ್ಟೆ. ಎನ್‌ಒಸಿ, ಎಚ್‌ಪಿ ತೆಗೆಸುವ ಫಾರಂ 35 ಕೊಡಲು ವಾರಗಟ್ಟಲೆ ಸತಾಯಿಸಿದರು. ಕೈಗೆ ಬಂದಾಗ ಕೌಂಟರ್ ಬಿಟ್ಟು ಕದಲಲಿಲ್ಲ. ಚಾಸಿ ನಂಬರ್, ಸೀಲು, ಸಹಿ ಎಲ್ಲ ಆರ್‌ಸಿ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಒಂದು ಅಕ್ಷರ ತಪ್ಪಿದರೂ ಆರ್‌ಟಿಒದಿಂದ ವಾಪಸ್ ಬರುತ್ತೆ.

ಕಾಯುವ ಹೊತ್ತಿನಲ್ಲಿ ಹೆಡ್‌ಲೈಟ್ ಮೇಲೆ ಕೈ ಆಡಿಸಿದೆ. ಗ್ಲಾಸು ಹಳದಿ ಆಗಿತ್ತು. 800, 1500, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಕೊನೆಗೆ ರಬ್ಬಿಂಗ್ ಕಾಂಪೌಂಡ್. ಉಜ್ಜಿದಾಗ ಮೊದಲು ಹಾಲಿನಂಥ ಬಿಳಿ ನೀರು ಇಳಿಯುತ್ತದೆ, ಗ್ಲಾಸು ಇನ್ನೂ ಮಬ್ಬಾಗುತ್ತದೆ. ಹೆದರಬೇಡಿ, ಕಾಂಪೌಂಡ್ ಬಿದ್ದ ಮೇಲೆ ತಿಳಿಯಾಗುತ್ತದೆ. ಖರ್ಚು ಮುನ್ನೂರರ ಒಳಗೆ. ಸೀಟು, ಡ್ಯಾಶ್‌ಬೋರ್ಡಿಗೆ ಏನು ಹಚ್ಚಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಎಚ್‌ಪಿ ಹೋದ ಆರ್‌ಸಿ ಫೋಟೋ ಹಾಕಿದ ವಾರದಲ್ಲೇ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದರು. ನಾಲ್ಕು ಮುಕ್ಕಾಲು ಕೇಳಿದೆ, ನಾಲ್ಕು ಎಪ್ಪತ್ತರ ಹತ್ತಿರ ಕುದುರಿತು. ಅವರು ಪೂರ್ತಿ ನಗದು ತಂದಿದ್ದರು. ಎರಡು ಲಕ್ಷ ಅಥವಾ ಮೇಲ್ಪಟ್ಟು ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ನನ್ನ ತಲೆಗೆ, ಹಾಗಾಗಿ ಬ್ಯಾಂಕಿಗೇ ಹಾಕಿಸಿದೆ. ಹೆಸರು ಬದಲಾವಣೆಯ ಫಾರಂ 29, 30 ಅವತ್ತೇ ಮುಗಿಸಿ ಡೆಲಿವರಿ ನೋಟಿನಲ್ಲಿ ಗಂಟೆ ಸಮೇತ ಬರೆಸಿದೆ. ಆರ್‌ಸಿಯಲ್ಲಿ ಹೆಸರಿರುವವರೇ ಓನರ್ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗಾಡಿ ಕೊಟ್ಟ ಮೇಲೂ ಆರ್‌ಸಿಯಲ್ಲಿ ಹೆಸರು ಬದಲಾಗುವ ಮೊದಲು ಆಕ್ಸಿಡೆಂಟ್ ಆದರೆ ಪರಿಹಾರ ನಮ್ಮ ಕೊರಳಿಗೇ ಬರುತ್ತೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ಕೂಡ ಬಿಟ್ಟುಕೊಡಲಿಲ್ಲ. ಅದು ಓನರಿಗೆ ಸೇರಿದ್ದು, ಗಾಡಿಗಲ್ಲ. ಮೂರು ವರ್ಷದೊಳಗೆ ಮುಂದಿನ ಗಾಡಿಗೆ ಹಾಕಿಕೊಳ್ಳಬಹುದು.

ಬಂಗಾರದ ಬಡ್ಡಿ, ಫೈನಾನ್ಸ್‌ನವರ ದಂಡ, ಆರ್‌ಟಿಒ ಫೀಸು ಎಲ್ಲ ಕಳೆದರೂ ಬ್ರೋಕರ್ ಹೇಳಿದ್ದಕ್ಕಿಂತ ಐವತ್ತು ಸಾವಿರದ ಮೇಲೆ ಉಳಿಯಿತು. ಚಿತ್ರದುರ್ಗದ ನಮ್ಮ ಭಾವನ ಗಾಡಿಗೂ ಈಗ ಇದೇ ದಾರಿ. ಸಾಲ ಮುಚ್ಚಲು ಎಷ್ಟಾಗುತ್ತೆ ಅಂತ ಅರ್ಜಿ ಹಾಕಿಸಿ ಬಂದಿದ್ದೇನೆ.